ದತ್ತು ಮಗಳ ಮೊದಲ ಎರಡು ವರ್ಷ ಅವಳ ವಂಶವಾಹಿಗಳಲ್ಲಿ ಉಳಿದುಬಿಟ್ಟಿದೆಯೇ?

ಪ್ರಶ್ನೆ: ನಮ್ಮ ಮಗಳನ್ನು ಅವಳಿಗೆ ಎರಡು ವರ್ಷ ನಾಲ್ಕು ತಿಂಗಳಾಗಿದ್ದಾಗ ದತ್ತು ಪಡೆದೆವು. ಅಲ್ಲಿಯವರೆಗೆ ಅವಳು ಎರಡು ಸಂಸ್ಥೆಗಳಲ್ಲಿ ಬೆಳೆದಿದ್ದಳು. ಈಗ ಏಳು ವರ್ಷ. ಓದಿನಲ್ಲಿ ಚುರುಕು. ಆದರೆ ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಾಳೆ, ದಿಂಬಿನ ಕೆಳಗೆ ಬಿಸ್ಕತ್ತು, ರೊಟ್ಟಿಯ ಚೂರು ಬಚ್ಚಿಡುತ್ತಾಳೆ. ಚಿಕ್ಕಂದಿನ ಕಷ್ಟವು ವಂಶವಾಹಿಗಳನ್ನೇ ಬದಲಿಸುತ್ತದೆ, ಅದು ಮುಂದಿನ ಪೀಳಿಗೆಗೂ ಹೋಗುತ್ತದೆ ಎಂದು ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಜೊಲ್ಲಿನ ಮಾದರಿ ಕಳಿಸಿದರೆ ಪರೀಕ್ಷಿಸಿ ಹೇಳುತ್ತೇವೆ ಎನ್ನುವ ಜಾಹೀರಾತೂ ಕಂಡಿತು. ಮಾಡಿಸಬೇಕೇ? ಆಗಿಹೋದದ್ದು ಸರಿಹೋಗುತ್ತದೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಪರೀಕ್ಷೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ: ಮಾಡಿಸಬೇಡಿ. ಏಕೆ ಬೇಡ ಎನ್ನುವುದನ್ನು ಮುಂದೆ ಹೇಳುತ್ತೇನೆ. ನೀವು ಓದಿದ ವಾಕ್ಯದಲ್ಲಿ ಒಂದು ನಿಜ ಮತ್ತು ಒಂದು ತಪ್ಪು ಎಷ್ಟು ಹತ್ತಿರ ಹತ್ತಿರ ಕುಳಿತಿವೆಯೆಂದರೆ, ಅವೆರಡನ್ನೂ ಬಿಡಿಸದೆ ಉತ್ತರ ಕೊಟ್ಟರೆ ನಿಮಗೆ ಸಿಗುವುದು ಬರಿಯ ಸಮಾಧಾನದ ಮಾತಾಗುತ್ತದೆ.

ತಪ್ಪು ಯಾವುದೆಂದರೆ, ಬಾಲ್ಯದ ಅನುಭವವು ವಂಶವಾಹಿಗಳನ್ನು ಬದಲಿಸುತ್ತದೆ ಎನ್ನುವುದು. ನಿಮ್ಮ ಮಗಳ ಡಿಎನ್‌ಎಯಲ್ಲಿರುವ ಅಕ್ಷರಗಳ ಸಾಲು ಅವಳು ಹುಟ್ಟಿದ ದಿನ ಹೇಗಿತ್ತೋ ಇಂದೂ ಹಾಗೆಯೇ ಇದೆ. ಬದಲಾಗಬಲ್ಲದ್ದು, ಯಾವ ವಂಶವಾಹಿ ಯಾವ ಅಂಗದಲ್ಲಿ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎನ್ನುವುದು. ಕೆರೆಯ ನೀರು ಒಂದೇ ಆದರೂ ಯಾವ ತೂಬನ್ನು ಎಷ್ಟು ತೆರೆಯಬೇಕೆಂದು ನೀರುಗಂಟಿ ನಿರ್ಧರಿಸುತ್ತಾನಲ್ಲ, ಜೀವಕೋಶದಲ್ಲಿ ನಡೆಯುವುದು ಹೆಚ್ಚು ಕಡಿಮೆ ಅದೇ ವ್ಯವಹಾರ. ನಮ್ಮಲ್ಲಿ ಪ್ರೋಟೀನು ತಯಾರಿಸುವ ಸುಮಾರು 20,000 ವಂಶವಾಹಿಗಳಿವೆ; ಯಕೃತ್ತಿನ ಕೋಶದಲ್ಲೂ ಮೆದುಳಿನ ಕೋಶದಲ್ಲೂ ಇರುವುದು ಅದೇ ಕಟ್ಟು, ಆದರೆ ತೆರೆದಿರುವ ತೂಬುಗಳು ಬೇರೆ. ಅವನ್ನು ಮುಚ್ಚುವ ವಿಧಾನಗಳಲ್ಲಿ ಚೆನ್ನಾಗಿ ಅಧ್ಯಯನವಾಗಿರುವುದು ಡಿಎನ್‌ಎಯ ಸೈಟೊಸಿನ್ ಎಂಬ ಅಕ್ಷರಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳುವುದು. ವಂಶವಾಹಿ ಆರಂಭವಾಗುವ ಕಡೆ ಇಂಥ ಗುಂಪುಗಳು ದಟ್ಟವಾದರೆ ಅದನ್ನು ಓದುವ ಯಂತ್ರಕ್ಕೆ ಅಲ್ಲಿ ಕೂರಲು ಜಾಗ ಸಿಗುವುದಿಲ್ಲ. ಈ ಬಗೆಯ ನಿಯಂತ್ರಣಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. 1942ರಲ್ಲಿ ಕಾನ್ರಾಡ್ ವಾಡಿಂಗ್ಟನ್ ಈ ಪದವನ್ನು ಬಳಕೆಗೆ ತಂದಾಗ ಡಿಎನ್‌ಎಯ ರಚನೆಯೇ ತಿಳಿದಿರಲಿಲ್ಲ.

ಇನ್ನು ಬೆಚ್ಚಿಬೀಳುವುದರ ಕಡೆಗೆ ಬರೋಣ. ಅಪಾಯ ಕಂಡಾಗ ಮೆದುಳಿನ ಹೈಪೊಥಲಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಪಿಟ್ಯುಟರಿಯು ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ ಕಳಿಸುತ್ತದೆ, ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಸುಮಾರು ಅರ್ಧ ಗಂಟೆಯೊಳಗೆ ಏರುಮಟ್ಟ ಮುಟ್ಟುತ್ತದೆ. ಏರಿದ್ದು ಇಳಿಯಬೇಕು. ಉಕ್ಕುವ ಹಾಲಿಗೆ ನೀರು ಚಿಮುಕಿಸುವ ಕೈ ಇಲ್ಲಿಯೂ ಒಂದಿದೆ: ನೆನಪಿನ ಕೆಲಸಕ್ಕೆ ಹೆಸರಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕಾರ್ಟಿಸಾಲನ್ನು ಗುರುತಿಸುವ ಗ್ರಾಹಕಗಳಿವೆ, ಅವು ಹಾರ್ಮೋನನ್ನು ಹಿಡಿದ ಕೂಡಲೇ ಹೈಪೊಥಲಮಸ್‌ಗೆ ‘ಸಾಕು’ ಎನ್ನುವ ಸೂಚನೆ ಹೋಗುತ್ತದೆ. ಗ್ರಾಹಕಗಳು ಹೆಚ್ಚಿದ್ದರೆ ಈ ಸೂಚನೆ ಬೇಗ ಹೋಗುತ್ತದೆ, ಕಡಿಮೆಯಿದ್ದರೆ ತಡವಾಗುತ್ತದೆ. ಈ ಗ್ರಾಹಕವನ್ನು ತಯಾರಿಸುವ ವಂಶವಾಹಿಯ ತೂಬು ಎಷ್ಟು ತೆರೆದಿರುತ್ತದೆ ಎಂಬ ಒಂದು ಪ್ರಶ್ನೆಯ ಸುತ್ತಲೇ ನೀವು ಓದಿದ ಸಂಶೋಧನೆಯ ಬಹುಪಾಲು ಬೆಳೆದಿದೆ.

ಕಥೆ ಇಲಿಗಳಿಂದ ಆರಂಭವಾಗುತ್ತದೆ. 1950ರ ದಶಕದಲ್ಲಿ ಸೇಮೂರ್ ಲೆವೀನ್ ಎಂಬ ಮನೋವಿಜ್ಞಾನಿ, ಹುಟ್ಟಿದ ಇಲಿಮರಿಗಳನ್ನು ದಿನಕ್ಕೆ ಕೆಲವು ನಿಮಿಷ ಗೂಡಿನಿಂದ ಹೊರತೆಗೆದು ಮತ್ತೆ ತಾಯಿಯ ಬಳಿ ಬಿಟ್ಟರೆ ಅವು ದೊಡ್ಡವಾದ ಮೇಲೆ ಒತ್ತಡಕ್ಕೆ ಕಡಿಮೆ ಕಂಗೆಡುತ್ತವೆ ಎಂದು ಕಂಡರು. ಮರಿಗೆ ಕೊಟ್ಟ ಚಿಕ್ಕ ತೊಂದರೆ ಅದನ್ನು ಗಟ್ಟಿ ಮಾಡಿತೆಂದು ಅರ್ಥ ಮಾಡಿಕೊಳ್ಳುವುದು ಸುಲಭವಿತ್ತು. ಮಕ್ಕಳನ್ನು ‘ಗಟ್ಟಿ ಮಾಡಲು’ ಹೊರಡುವ ದೊಡ್ಡವರಿಗೆ ಅದು ಇಂದಿಗೂ ಇಷ್ಟವಾದ ಅರ್ಥ. ಆದರೆ ಗೂಡಿನೊಳಗೆ ಕಣ್ಣಿಟ್ಟವರಿಗೆ ಬೇರೆಯೇ ಒಂದು ಸಂಗತಿ ಕಂಡಿತು. ಹಿಂತಿರುಗಿ ಬಂದ ಮರಿಯನ್ನು ತಾಯಿ ಎಂದಿಗಿಂತ ಹೆಚ್ಚು ನೆಕ್ಕುತ್ತಿತ್ತು.

ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿಯವರ ತಂಡ ಈ ಎಳೆಯನ್ನು ಹಿಡಿಯಿತು. ಯಾರೂ ಕೈಹಾಕದಿದ್ದರೂ ಕೆಲವು ತಾಯಿ ಇಲಿಗಳು ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಮನುಷ್ಯರಲ್ಲಿರುವಂತೆಯೇ ಸ್ವಭಾವದ ಭೇದ. 1997ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹೆಚ್ಚು ನೆಕ್ಕಿಸಿಕೊಂಡು ಬೆಳೆದ ಇಲಿಗಳನ್ನು ವಯಸ್ಕ ಪ್ರಾಯದಲ್ಲಿ 20 ನಿಮಿಷ ಅಲುಗಾಡಲಾರದಂತೆ ಹಿಡಿದಿಟ್ಟಾಗ ಅವುಗಳ ಒತ್ತಡದ ಹಾರ್ಮೋನು ಕಡಿಮೆ ಏರುತ್ತಿತ್ತು, ಮತ್ತು ಅವುಗಳ ಹಿಪೊಕ್ಯಾಂಪಸ್‌ನಲ್ಲಿ ಗ್ರಾಹಕಗಳು ಹೆಚ್ಚಿದ್ದವು. ಇದು ತಾಯಿಯಿಂದ ರಕ್ತದಲ್ಲಿ ಬಂದ ಗುಣವಲ್ಲವೇ ಎಂಬ ಸಂದೇಹ ಯಾರಿಗಾದರೂ ಬರಬೇಕು. ಅದಕ್ಕಾಗಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿ ಹೆಚ್ಚು ನೆಕ್ಕುವ ತಾಯಿಯ ಬಳಿ ಬೆಳೆದ ಮರಿ ಎಲ್ಲ ರೀತಿಯಲ್ಲೂ ಸಾಕುತಾಯಿಯ ಮಗುವಾಗಿತ್ತು. ದತ್ತು ಮಗುವಿನ ತಾಯಿಯಾದ ನೀವು ಈ ಪ್ರಯೋಗವನ್ನು ನೆನಪಿನಲ್ಲಿಡಬೇಕು ಎಂದು ನನ್ನ ಆಸೆ.

2004ರಲ್ಲಿ ಇಯಾನ್ ವೀವರ್, ಮೋಷೆ ಶೀಫ್, ಮೀನಿ ಮತ್ತವರ ಸಹೋದ್ಯೋಗಿಗಳು ತೂಬಿನವರೆಗೂ ಹೋದರು. ಹುಟ್ಟಿದ ಮೊದಲ ದಿನ ಎರಡೂ ಬಗೆಯ ತಾಯಂದಿರ ಮರಿಗಳಲ್ಲಿ ಗ್ರಾಹಕದ ವಂಶವಾಹಿಯ ಒಂದು ನಿರ್ದಿಷ್ಟ ಜಾಗ ಮಿಥೈಲ್ ಗುಂಪಿನಿಂದ ಮುಚ್ಚಿರುತ್ತಿತ್ತು. ಆರನೆಯ ದಿನದ ಹೊತ್ತಿಗೆ ಹೆಚ್ಚು ನೆಕ್ಕಿಸಿಕೊಂಡ ಮರಿಗಳಲ್ಲಿ ಅದು ತೆರೆದಿತ್ತು, ಉಳಿದವುಗಳಲ್ಲಿ ಮುಚ್ಚಿಯೇ ಇತ್ತು, ಮತ್ತು ಆ ಭೇದ ವಯಸ್ಕ ಪ್ರಾಯದವರೆಗೂ ಉಳಿಯಿತು. ನಾಲಿಗೆಯ ಸ್ಪರ್ಶ ವಂಶವಾಹಿಯನ್ನು ತಲುಪುವ ದಾರಿಯ ಗುರುತೂ ಸಿಕ್ಕಿದೆ: ಸ್ಪರ್ಶದಿಂದ ಮರಿಯಲ್ಲಿ ಥೈರಾಯ್ಡ್ ಹಾರ್ಮೋನು ಏರುತ್ತದೆ, ಅದು ಹಿಪೊಕ್ಯಾಂಪಸ್‌ನಲ್ಲಿ ಸೆರೊಟೋನಿನ್ ಚಟುವಟಿಕೆಯನ್ನು ಹೆಚ್ಚಿಸುತ್ತದೆ, ಅದರಿಂದ ಜೀವಕೋಶದೊಳಗೆ ಹುಟ್ಟುವ ಒಂದು ಪ್ರೋಟೀನು ಬಂದು ಅದೇ ಜಾಗದಲ್ಲಿ ಕೂರುತ್ತದೆ. ಮುದ್ದು ಎನ್ನುವ ಮಾತಿಗೆ ಇಷ್ಟು ನಿಖರವಾದ ರಾಸಾಯನಿಕ ವಿಳಾಸ ಸಿಕ್ಕಿದ್ದನ್ನು ಮೊದಲ ಬಾರಿ ಓದಿದಾಗ ನನಗೆ ಆದ ಬೆರಗು ಇನ್ನೂ ಪೂರ್ತಿ ಆರಿಲ್ಲ.

ಅದೇ ಪ್ರಬಂಧದಲ್ಲಿದ್ದರೂ ಸುದ್ದಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಭಾಗ ಇನ್ನೊಂದಿದೆ. ಕಡಿಮೆ ನೆಕ್ಕಿಸಿಕೊಂಡ, ಆಗಲೇ ದೊಡ್ಡದಾಗಿದ್ದ ಇಲಿಗಳ ಮೆದುಳಿಗೆ ಟ್ರೈಕೊಸ್ಟ್ಯಾಟಿನ್ ಎಂಬ ಔಷಧವನ್ನು ಕೊಟ್ಟಾಗ ಮುಚ್ಚಿದ ಜಾಗ ತೆರೆಯಿತು, ಒತ್ತಡಕ್ಕೆ ಅವು ತೋರುವ ಪ್ರತಿಕ್ರಿಯೆ ಇತರ ಇಲಿಗಳಂತೆಯೇ ಆಯಿತು. ಮರುವರ್ಷ, ಚೆನ್ನಾಗಿ ಬೆಳೆದ ಇಲಿಗಳಿಗೆ ಮೆಥಿಯೊನಿನ್ ಎಂಬ ಅಮೈನೊ ಆಮ್ಲವನ್ನು ಹಾಗೆಯೇ ಕೊಟ್ಟು ತೆರೆದದ್ದನ್ನು ಮುಚ್ಚಿಯೂ ತೋರಿಸಿದರು. ಇವು ಮನುಷ್ಯರಿಗೆ ಕೊಡುವ ಮದ್ದುಗಳಲ್ಲ. ಮಿಥೈಲ್ ಗುರುತು ಕಲ್ಲಿನಲ್ಲಿ ಕೊರೆದ ಶಾಸನವಲ್ಲ ಎನ್ನುವುದಕ್ಕೆ ಪುರಾವೆ, ಅಷ್ಟೆ.

ಔಷಧವಿಲ್ಲದೆಯೂ ದಾರಿಯಿದೆ. ಮರಿಯಾಗಿದ್ದಾಗ ದಿನವೂ ತಾಯಿಯಿಂದ ದೀರ್ಘ ಹೊತ್ತು ಬೇರ್ಪಟ್ಟಿದ್ದ ಇಲಿಗಳನ್ನು ಹಾಲು ಬಿಟ್ಟ ಮೇಲೆ ಸಂಗಾತಿಗಳು, ಆಟದ ವಸ್ತುಗಳು, ಓಡಾಡಲು ಸುರಂಗಗಳಿರುವ ದೊಡ್ಡ ಗೂಡಿನಲ್ಲಿ ಬೆಳೆಸಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಆ ಇಲಿಗಳ ಭಯದ ವರ್ತನೆಯೂ ಹಾರ್ಮೋನಿನ ಏರಿಕೆಯೂ ಸಾಮಾನ್ಯಕ್ಕೆ ಬಂದವು. ಆದರೆ ಒತ್ತಡದ ಸರಪಳಿಯನ್ನು ಆರಂಭಿಸುವ ವಂಶವಾಹಿಯೊಂದರ ಅತಿಯಾದ ಚಟುವಟಿಕೆ ಮಾತ್ರ ಹಾಗೆಯೇ ಉಳಿದಿತ್ತು. ಅಂದರೆ ಹಳೆಯ ಗುರುತು ಅಳಿಸಿಹೋಗಿರಲಿಲ್ಲ, ಮೆದುಳು ಅದರ ಪಕ್ಕದಲ್ಲೇ ಬೇರೆ ದಾರಿ ಕಡಿದುಕೊಂಡಿತ್ತು. ‘ಸರಿಹೋಗುತ್ತದೆಯೇ’ ಎಂದು ನೀವು ಕೇಳಿದ್ದೀರಿ. ಆ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ: ಗುರುತು ಹೋಗುತ್ತದೆಯೇ ಎಂಬುದೊಂದು, ಬದುಕು ನೆಟ್ಟಗಾಗುತ್ತದೆಯೇ ಎಂಬುದು ಮತ್ತೊಂದು. ಎರಡನೆಯದು ಆಗಬೇಕಾದರೆ ಮೊದಲನೆಯದು ಆಗಲೇಬೇಕೆಂದಿಲ್ಲ.

ಜೊತೆಗೆ, ಆ ಗುರುತನ್ನು ಹಾನಿ ಎಂದಷ್ಟೇ ಕರೆಯುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಕಡಿಮೆ ನೆಕ್ಕಿಸಿಕೊಂಡ ಇಲಿಗಳು ಸಾಮಾನ್ಯ ಸ್ಥಿತಿಯಲ್ಲಿ ಕಲಿಕೆಯಲ್ಲಿ ಹಿಂದೆ ಬೀಳುತ್ತವೆ, ನಿಜ; ಆದರೆ ಒತ್ತಡದ ಹಾರ್ಮೋನು ಏರಿರುವಾಗ ಅವುಗಳ ಹಿಪೊಕ್ಯಾಂಪಸ್ ಇತರ ಇಲಿಗಳದಕ್ಕಿಂತ ಚುರುಕಾಗಿ ಕೆಲಸ ಮಾಡುತ್ತದೆ, ಅಪಾಯದ ಜಾಗವನ್ನು ಅವು ಚೆನ್ನಾಗಿ ನೆನಪಿಡುತ್ತವೆ ಎಂದು 2008ರಲ್ಲಿ ಗೊತ್ತಾಯಿತು. ನಿಮ್ಮ ಮಗಳು ಬಚ್ಚಿಡುವ ರೊಟ್ಟಿಯ ಚೂರನ್ನು ನಾನು ಹೀಗೆಯೇ ನೋಡುತ್ತೇನೆ. ಯಾವ ಕೈ ಯಾವಾಗ ಬರುತ್ತದೆಂದು ಗೊತ್ತಿಲ್ಲದ ಜಾಗದಲ್ಲಿ ಅದು ಬುದ್ಧಿವಂತಿಕೆ. ಆ ಜಾಗ ಈಗಿಲ್ಲ ಎನ್ನುವುದನ್ನು ಅವಳ ಶರೀರ ಇನ್ನೂ ಪೂರ್ತಿ ನಂಬಿಲ್ಲ.

ಇಲಿಯಿಂದ ಮನುಷ್ಯರಿಗೆ ಬಂದಾಗ ನೆಲ ಮೆತ್ತಗಾಗುತ್ತದೆ. ಜೀವಂತ ಮಗುವಿನ ಮೆದುಳಿನ ಚೂರು ತೆಗೆದು ನೋಡಲಾಗುವುದಿಲ್ಲ. 2009ರಲ್ಲಿ ಮೆಕ್‌ಗಿಲ್ ತಂಡವೇ ಕ್ವಿಬೆಕ್ ಪ್ರಾಂತ್ಯದಲ್ಲಿ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿತು: ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿ ಆತ್ಮಹತ್ಯೆ ಮಾಡಿಕೊಂಡ 12 ಮಂದಿ, ದೌರ್ಜನ್ಯದ ಹಿನ್ನೆಲೆಯಿಲ್ಲದೆ ಆತ್ಮಹತ್ಯೆ ಮಾಡಿಕೊಂಡ 12 ಮಂದಿ, ಬೇರೆ ಕಾರಣಗಳಿಂದ ಹಠಾತ್ತಾಗಿ ತೀರಿಕೊಂಡ 12 ಮಂದಿ. ಗ್ರಾಹಕದ ವಂಶವಾಹಿಯ ಮೇಲೆ ಮಿಥೈಲ್ ಗುಂಪು ಹೆಚ್ಚಿದ್ದದ್ದು ಮೊದಲ ಗುಂಪಿನಲ್ಲಿ ಮಾತ್ರ. ಗಮನ ಕೊಡಬೇಕಾದ ಫಲಿತಾಂಶವೇ; ಆದರೆ 36 ಮಂದಿಯ ಬದುಕಿನ ಕೊನೆಯ ಒಂದು ಚಿತ್ರದಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲಾಗದು, ಏಳು ವರ್ಷದ ಮಗುವಿನ ನಾಳೆಯನ್ನಂತೂ ಖಂಡಿತ ಹೇಳಲಾಗದು.

ಜೊಲ್ಲಿನ ಪರೀಕ್ಷೆ ಬೇಡ ಎಂದದ್ದು ಇದಕ್ಕೇ. ಮಿಥೈಲ್ ಗುರುತುಗಳು ಅಂಗದಿಂದ ಅಂಗಕ್ಕೆ ಬೇರೆಯಾಗಿರುತ್ತವೆ. ಜೊಲ್ಲಿನಲ್ಲಿ ಸಿಗುವುದು ಬಾಯಿಯ ಒಳಪದರದ ಕೋಶಗಳು ಮತ್ತು ಬಿಳಿ ರಕ್ತಕಣಗಳು, ಹಿಪೊಕ್ಯಾಂಪಸ್ ಅಲ್ಲ. ರಕ್ತದಲ್ಲಿ ಹುಡುಕಿದವರಿಗೂ ಪಾಠವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994–95ರಲ್ಲಿ ಹುಟ್ಟಿದ ಅವಳಿಗಳನ್ನು ಬಾಲ್ಯದಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು, ಹಿಂಸೆ ಅನುಭವಿಸಿದವರ ರಕ್ತದಲ್ಲಿ 18ನೆಯ ವಯಸ್ಸಿನಲ್ಲಿ ಕಂಡ ಬದಲಾವಣೆಗಳಲ್ಲಿ ಹೆಚ್ಚಿನವು ಧೂಮಪಾನದ ಗುರುತುಗಳಾಗಿದ್ದವೆಂದು 2018ರಲ್ಲಿ ವರದಿ ಮಾಡಿತು. ಇಂಥ ಪರೀಕ್ಷೆ ನಿಮ್ಮ ಕೈಗೆ ಒಂದು ಅಂಕಿಯನ್ನು ಕೊಡುತ್ತದೆ. ಆ ಅಂಕಿಯಿಂದ ನೀವು ನಾಳೆ ಬೆಳಗ್ಗೆ ಬೇರೆಯಾಗಿ ಮಾಡಬೇಕಾದದ್ದು ಏನೂ ಇರುವುದಿಲ್ಲ, ಮಗುವನ್ನು ಬೇರೆ ಕಣ್ಣಿನಿಂದ ನೋಡುವುದೊಂದನ್ನು ಬಿಟ್ಟು.

ನಿಮ್ಮ ಪರಿಸ್ಥಿತಿಗೆ ನಿಜವಾಗಿ ಹತ್ತಿರವಾದ ಪುರಾವೆ ರುಮೇನಿಯಾದಿಂದ ಬಂದಿದೆ. 1989ರ ಡಿಸೆಂಬರಿನಲ್ಲಿ ಚೌಶೆಸ್ಕು ಆಡಳಿತ ಉರುಳಿದಾಗ ಅಲ್ಲಿನ ಸರ್ಕಾರಿ ಮಕ್ಕಳ ಗೃಹಗಳಲ್ಲಿ ಲಕ್ಷಕ್ಕೂ ಮೀರಿದ ಮಕ್ಕಳಿದ್ದರು. ಹೊಟ್ಟೆಗೆ ಅಷ್ಟಿಷ್ಟು ಸಿಗುತ್ತಿತ್ತು, ಎತ್ತಿಕೊಳ್ಳುವವರಿರಲಿಲ್ಲ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಸಂಶೋಧಕರು 2000ದ ಆಸುಪಾಸಿನಲ್ಲಿ ಬುಕಾರೆಸ್ಟಿನಲ್ಲಿ ಇಂಥ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ತರಬೇತಿ ಪಡೆದ ಸಾಕುಕುಟುಂಬಗಳಿಗೆ ಕಳಿಸಿದರು, ಉಳಿದವರು ಎಂದಿನ ವ್ಯವಸ್ಥೆಯಲ್ಲೇ ಇದ್ದರು. ಇಂಥ ಪ್ರಯೋಗ ಮಾಡಬಹುದೇ ಎಂಬ ನೈತಿಕ ಚರ್ಚೆ ಆಗಲೂ ನಡೆಯಿತು, ಈಗಲೂ ನಿಂತಿಲ್ಲ. ಆದರೆ ಯಾರು ಮನೆಗೆ ಹೋದರೆಂಬುದು ಅದೃಷ್ಟದಿಂದ ನಿರ್ಧಾರವಾದ್ದರಿಂದಲೇ ಫಲಿತಾಂಶವನ್ನು ನಂಬಬಹುದಾಗಿದೆ.

ಆ ಮಕ್ಕಳಿಗೆ ಸುಮಾರು 12 ವರ್ಷವಾದಾಗ ಅಪರಿಚಿತ ತೀರ್ಪುಗಾರರ ಎದುರು ಮಾತಾಡಿಸಿ, ಲೆಕ್ಕ ಮಾಡಿಸಿ, ಹೃದಯಬಡಿತ ಮತ್ತು ಕಾರ್ಟಿಸಾಲ್ ಅಳೆದರು. ಸಂಸ್ಥೆಯಲ್ಲೇ ಉಳಿದವರಲ್ಲಿ ಎರಡೂ ಅತಿಯಾಗಿ ಏರಿರಬಹುದೆಂದು ನೀವು ಊಹಿಸಬಹುದು. ಆದದ್ದು ತಿರುಗುಮುರುಗು: ಏರಬೇಕಾದಾಗಲೂ ಅವು ಹೆಚ್ಚು ಏರಲಿಲ್ಲ. ದೀರ್ಘಕಾಲ ಯಾರ ಆಸರೆಯೂ ಇಲ್ಲದೆ ಬೆಳೆದ ಶರೀರ ಕೂಗಿಕೊಳ್ಳುವುದನ್ನೇ ನಿಲ್ಲಿಸಿದಂತಿತ್ತು. ಸಾಕುಮನೆಗೆ ಹೋದವರ ಪ್ರತಿಕ್ರಿಯೆ ಮೊದಲಿನಿಂದಲೂ ಸ್ವಂತ ಮನೆಯಲ್ಲಿ ಬೆಳೆದ ಮಕ್ಕಳಿಗೆ ಹತ್ತಿರವಾಗಿತ್ತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶದ ಇನ್ನೊಂದು ಭಾಗವನ್ನು ನಿಮ್ಮಿಂದ ಮುಚ್ಚಿಡಲಾರೆ: ಈ ಚೇತರಿಕೆ ಸ್ಪಷ್ಟವಾಗಿ ಕಂಡದ್ದು ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ.

ನಿಮ್ಮ ಮಗಳು ಬಂದದ್ದು ಎರಡು ವರ್ಷ ನಾಲ್ಕು ತಿಂಗಳಿಗೆ. ಈ ಲೆಕ್ಕವನ್ನು ನೀವು ನನಗಿಂತ ಬೇಗ ಮಾಡಿರುತ್ತೀರಿ. ಆದರೆ ಆ 24 ತಿಂಗಳು ಗುಂಪಿನ ಸರಾಸರಿಯಿಂದ ಎಳೆದ ಗೆರೆ, ಒಂದು ಮಗುವಿನ ಮುಂದೆ ಮುಚ್ಚಿಕೊಳ್ಳುವ ಬಾಗಿಲಲ್ಲ. ನಾಲ್ಕು ವರ್ಷಗಳ ನಂತರ, 2019ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಮೇಗನ್ ಗುನಾರ್ ಅವರ ತಂಡ ಆ ಗೆರೆಯಾಚೆಗೂ ದಾರಿಯಿದೆ ಎಂದು ತೋರಿಸಿತು. ಬೇರೆ ಬೇರೆ ದೇಶಗಳ ಅನಾಥಾಲಯಗಳಲ್ಲಿ ಆರಂಭದ ದಿನಗಳನ್ನು ಕಳೆದು, ಆಮೇಲೆ ಅಕ್ಕರೆಯ ಕುಟುಂಬಗಳಿಗೆ ದತ್ತುಹೋದ ಮಕ್ಕಳನ್ನು ಅವರು ಏಳರಿಂದ ಹದಿನೈದರ ವಯಸ್ಸಿನಲ್ಲಿ ಪರೀಕ್ಷಿಸಿದರು, ಆಮೇಲೆಯೂ ಹಿಂಬಾಲಿಸಿದರು. ಪ್ರೌಢತೆಗೆ ಬರುವ ಮೊದಲು ಆ ಮಕ್ಕಳ ಕಾರ್ಟಿಸಾಲ್ ಪ್ರತಿಕ್ರಿಯೆ ಮಂದವಾಗಿತ್ತು. ಮೈನೆರೆಯುವ, ದನಿ ಒಡೆಯುವ ಹಂತಗಳು ಒಂದೊಂದಾಗಿ ಬಂದಂತೆ ಅದು ಇತರ ಮಕ್ಕಳದಕ್ಕೆ ಸಮವಾಗುತ್ತ ಹೋಯಿತು. ಒತ್ತಡದ ವ್ಯವಸ್ಥೆಯು ಹೊರಗಿನ ಪ್ರಪಂಚ ಹೇಗಿದೆಯೆಂದು ಶೈಶವದಲ್ಲಿ ಒಮ್ಮೆ ಅಂದಾಜು ಮಾಡುತ್ತದೆ, ಹದಿಹರೆಯದಲ್ಲಿ ಆ ಅಂದಾಜನ್ನು ಮತ್ತೊಮ್ಮೆ ಪರಿಶೀಲಿಸುತ್ತದೆ. ಆಗ ಸುತ್ತಲಿನ ಮನೆ ಆಸರೆಯಾಗಿದ್ದರೆ ಹೊಸ ಅಂದಾಜೂ ಅದಕ್ಕೆ ತಕ್ಕಂತೆ ಇರುತ್ತದೆ. ನಿಮ್ಮ ಮಗಳ ಮುಂದೆ ಆ ಕಾಲ ಇನ್ನೂ ಪೂರ್ತಿಯಾಗಿ ಇದೆ.

ಮುಂದಿನ ಪೀಳಿಗೆಯ ಬಗ್ಗೆ ನೀವು ಓದಿದ್ದು ಮನುಷ್ಯರ ವಿಷಯದಲ್ಲಿ ಪುರಾವೆಗಿಂತ ಬಹಳ ಮುಂದೆ ಓಡಿದ ಮಾತು. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಒಮ್ಮೆ, ಭ್ರೂಣದ ಮೊದಲ ದಿನಗಳಲ್ಲಿ ಇನ್ನೊಮ್ಮೆ, ಮಿಥೈಲ್ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. ಇಲಿಗಳಲ್ಲಿಯೂ ಹೆಚ್ಚು ನೆಕ್ಕಿಸಿಕೊಂಡ ಹೆಣ್ಣುಮರಿಗಳು ತಾವು ತಾಯಿಯಾದಾಗ ಹೆಚ್ಚು ನೆಕ್ಕುವುದು ಕಂಡಿದೆಯಾದರೂ, ಮರಿಗಳನ್ನು ಅದಲುಬದಲು ಮಾಡಿದಾಗ ಆ ಗುಣ ಸಾಕಿದ ತಾಯಿಯನ್ನೇ ಹಿಂಬಾಲಿಸಿತು ಎಂದು 1999ರಲ್ಲೇ ಸಾಬೀತಾಗಿದೆ. ಬಳುವಳಿ ಬಂದದ್ದು ಮಡಿಲಿನಿಂದ. ಗರ್ಭದಲ್ಲಿದ್ದಾಗಿನ ಪ್ರಭಾವ ಬೇರೆ ವಿಷಯ, ಅದು ನಿಜವಾಗಿಯೂ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1944–45ರ ಚಳಿಗಾಲದ ಕ್ಷಾಮದಲ್ಲಿ ಗರ್ಭ ಕಟ್ಟಿದವರಲ್ಲಿ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲೆ ಅವರ ಒಡಹುಟ್ಟಿದವರಿಗಿಂತ ಕಡಿಮೆ ಮಿಥೈಲ್ ಗುಂಪುಗಳಿರುವುದು ಆರು ದಶಕಗಳ ನಂತರ ಕಂಡಿತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳು ಹದಿಹರೆಯದಲ್ಲಿ ಒತ್ತಡದ ಪರೀಕ್ಷೆಗೆ ನಿಂತಾಗ ಅವರ ರಕ್ತದೊತ್ತಡ ಇತರರದಕ್ಕಿಂತ ಹೆಚ್ಚು ಏರಿತು. ಇವೆಲ್ಲ ಆಯಾ ಮಗುವೇ ನೇರವಾಗಿ ಅನುಭವಿಸಿದ ಸ್ಥಿತಿಗಳು. ನಿಮ್ಮ ಮಗಳ ಮೊದಲ ಎರಡು ವರ್ಷ ಅವಳ ಮಕ್ಕಳ ಹಣೆಯಲ್ಲಿ ಬರೆದಿದೆ ಎನ್ನುವುದಕ್ಕೆ ಇವು ಯಾವುವೂ ಆಧಾರವಾಗುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಹುಪಾಲು ನೀವು ಮಾಡುತ್ತಲೇ ಇದ್ದೀರಿ. ಶರೀರ ಹೊಸ ಅಂದಾಜು ಮಾಡಬೇಕಾದರೆ ಅದಕ್ಕೆ ಬೇಕಾಗುವುದು ಮುಂದೇನಾಗುತ್ತದೆಂದು ಮೊದಲೇ ತಿಳಿಯುವ ದಿನಚರಿ: ಊಟದ ಹೊತ್ತು, ಮಲಗುವ ಹೊತ್ತು, ಶಾಲೆಯಿಂದ ಕರೆತರಲು ಯಾರು ಬರುತ್ತಾರೆ ಎನ್ನುವುದು ಆದಷ್ಟು ಬದಲಾಗದಿರಲಿ, ಬದಲಾಗುವುದಾದರೆ ಮೊದಲೇ ಹೇಳಿ. ಕುಕ್ಕರ್ ಇಡುವಾಗ ‘ಇನ್ನು ಸ್ವಲ್ಪ ಹೊತ್ತಿಗೆ ಕೂಗುತ್ತದೆ ನೋಡು’ ಎಂದುಬಿಡಿ. ಬೆಚ್ಚಿದಾಗ ಗದರಬಾರದು, ನಗಬಾರದು ಎನ್ನುವುದನ್ನು ಮನೆಗೆ ಬರುವ ಬಂಧುಗಳಿಗೂ ತಿಳಿಸಿ. ‘ಹೆದರುಪುಕ್ಕಲಿ’ ಎಂದು ಪ್ರೀತಿಯಿಂದ ಕರೆಯುವವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರೆ. ನಿದ್ದೆ ಪದೇ ಪದೇ ಕೆಡುತ್ತಿದ್ದರೆ, ಶಾಲೆಗೆ ಹೋಗಲು ನಿರಾಕರಿಸಿದರೆ, ತನಗೋ ಇತರರಿಗೋ ಪೆಟ್ಟು ಮಾಡಿಕೊಳ್ಳುವ ಮಟ್ಟಕ್ಕೆ ಸಿಟ್ಟು ಹೋದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಎಲ್ಲಿ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ದಿಂಬಿನ ಕೆಳಗಿನ ಬಿಸ್ಕತ್ತನ್ನು ಅವಳಿಗೆ ಗೊತ್ತಿಲ್ಲದಂತೆ ತೆಗೆದುಹಾಕಬೇಡಿ. ಮುಚ್ಚಳವಿರುವ ಒಂದು ಡಬ್ಬಿಯನ್ನು ಅವಳ ಕೈಗೇ ಕೊಟ್ಟು, ಅದರಲ್ಲಿ ಅವಳಿಗಿಷ್ಟವಾದದ್ದನ್ನು ಅವಳ ಎದುರೇ ತುಂಬಿಸಿ, ಹಾಸಿಗೆಯ ಪಕ್ಕದಲ್ಲಿಡಲು ಬಿಡಿ. ಖಾಲಿಯಾದರೆ ಕೇಳುವ ಮೊದಲೇ ತುಂಬಿಸಿ. ಡಬ್ಬಿ ಇದೆಯೆಂಬುದನ್ನು ಅವಳು ತಾನಾಗಿಯೇ ಮರೆಯುವವರೆಗೆ ಅದು ಅಲ್ಲಿಯೇ ಇರಲಿ.